ಹಲ್ಲಲ್ಲಿ ಕಚ್ಚಿದ ಕೈಗವಸು

"ಬಿಡಿಸೋಕೆ ಇಕ್ಕಳ ಬೇಕಾಯ್ತು," ಎನ್ನುತ್ತಾ ಶವಪರೀಕ್ಷೆಯ ಡಾಕ್ಟರು ಸ್ಟೀಲ್ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಅಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದ್ದ."

ತಟ್ಟೆಯಲ್ಲಿದ್ದದ್ದು ಪೈಲಟ್‌ಗಳು ತೊಡುವ ಕೈಗವಸು. ಬಲಗೈಯದು. ಮಣಿಕಟ್ಟಿನ ಕಡೆ ಸುಟ್ಟು ಕರಕಲಾಗಿತ್ತು, ಬೆರಳುಗಳ ಕಡೆ ಅಷ್ಟೇನೂ ಕೆಟ್ಟಿರಲಿಲ್ಲ. ನಡುಬೆರಳಿನ ತುದಿಯಲ್ಲಿ ಹಲ್ಲಿನ ಗುರುತು ಆಳವಾಗಿ ಕೂತಿತ್ತು.

"ನೋವು ತಡೆಯೋಕಾಗದೆ ಕಚ್ಚಿದ್ದಾನೆ. ಹಾಗಂತಲೇ ಬರೆದಿದೀನಿ." ಅವರು ಚಹಾದ ಲೋಟ ಎತ್ತಿಕೊಂಡರು. ಹೆಣದ ಕೋಣೆಯಲ್ಲಿ ನಿಂತು ಚಹಾ ಕುಡಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ.

"ಹೊಡೆತ ಬಿದ್ದ ಕ್ಷಣವೇ ಕುತ್ತಿಗೆ ಮುರಿದು ಸತ್ತ ಅಂತಾನೂ ನೀವೇ ಬರೆದಿದೀರಿ, ಡಾಕ್ಟ್ರೇ. ಸತ್ತ ಮೇಲೆ ನೋವಾಯ್ತಾ?"

ಅವರು ಲೋಟ ಕೆಳಗಿಟ್ಟು ತಮ್ಮ ವರದಿಯ ಹಾಳೆ ತಿರುವಿದರು.

"ಬಲಗೈ ಹೇಗಿತ್ತು?" ಎಂದೆ.

"ಬರಿಗೈ. ಎಡಗೈಗೆ ಗ್ಲೌಸ್ ಇತ್ತು. ಆ ಕೈ ಚೆನ್ನಾಗಿ ಉಳ್ಕೊಂಡಿದೆ, ಬೇಕಾದ್ರೆ ತೋರಿಸ್ತೀನಿ."

"ಬೇಡ, ಈಗಷ್ಟೇ ಊಟ ಮಾಡಿ ಬಂದಿದೀನಿ. ಎಡಗೈಯಲ್ಲಿ ವಿಮಾನ ಹಿಡ್ಕೊಂಡಿದ್ದ. ಬಲಗೈ ಗ್ಲೌಸನ್ನ ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ತಾ ಇದ್ದ. ಬಿಚ್ಚಿ ಮುಗಿಸೋ ಹೊತ್ತಿಗೆ ಗುಡ್ಡ ಬಂತು."

"ಅಂಥಾ ಹೊತ್ತಲ್ಲಿ ಗ್ಲೌಸ್ ಯಾಕೆ ಬಿಚ್ತಾನೆ?"

"ಅದನ್ನ ಕೇಳೋಕೆ ಒಬ್ಬರು ಬದುಕಿದ್ದಾರಲ್ಲ," ಎಂದು ಕೈಗವಸನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ.

ಇಷ್ಟು ಗೊತ್ತಿದ್ದರೆ ಸಾಕು: ನಮ್ಮ ವಾಯುನೆಲೆಯ ಸರಕು ವಿಮಾನವೊಂದು ಮೋಡದೊಳಗೆ ಗುಡ್ಡಕ್ಕೆ ಬಡಿದು ಕ್ಯಾಪ್ಟನ್ ಮತ್ತು ಹಿಂದೆ ಕೂತಿದ್ದ ನಾಲ್ವರು ಸೈನಿಕರು ಸತ್ತರು, ಬಲಗಡೆ ಸೀಟಿನ ಪೈಲಟ್ ಕಾಲು ಮುರಿದುಕೊಂಡು ಬದುಕಿದ, ಅವನು ಸತ್ತ ಕ್ಯಾಪ್ಟನ್ನಿನ ಅಳಿಯ.

ಇಂಥ ಅಪಘಾತಗಳ ತನಿಖೆ ನನ್ನ ಕೆಲಸ. ನೆಲೆಯಲ್ಲಿ ನನ್ನನ್ನು ಜಿಗಣೆ ಎನ್ನುತ್ತಾರೆ. ಎದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ಜಿಗಣೆ. ನನಗೇನೂ ಬೇಜಾರಿಲ್ಲ. ಅಂಟಿಕೊಂಡರೆ ಬಿಡುವುದಿಲ್ಲ ಅಂತ ತಾನೇ ಅರ್ಥ.

ಆ ವಿಮಾನ ಅವತ್ತು ಮೊದಲ ಬಾರಿಗೆ ಒಂದು ಚೂರು ಕಾಗದವೂ ಇಲ್ಲದೆ ಹಾರಿತ್ತು. ಅಲ್ಲಿಯವರೆಗೆ ಪೈಲಟ್‌ಗಳು ಚೀಲ ತುಂಬ ನಕ್ಷೆ ಹೊತ್ತು ಹೋಗುತ್ತಿದ್ದರು. ಮಡಿಸಿ ಮಡಿಸಿ ಹರಿದ ನಕ್ಷೆ, ಪೆನ್ಸಿಲ್ ಗೀಟಿನ ನಕ್ಷೆ, ಕಾಫಿ ಚೆಲ್ಲಿದ ನಕ್ಷೆ. ಅದೆಲ್ಲದರ ಬದಲು ಈಗ ತೊಡೆಗೆ ಪಟ್ಟಿ ಹಾಕಿ ಕಟ್ಟಿಕೊಳ್ಳುವ ಒಂದು ಟ್ಯಾಬ್ಲೆಟ್. ನಮ್ಮ ಕಮಾಂಡರ್ ಸಾಹೇಬರಿಗೆ ಇದೆಂದರೆ ಪ್ರಾಣ. ಹಳೇ ನಕ್ಷೆಗಳನ್ನು ಲಾರಿಗೆ ತುಂಬಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ರದ್ದಿಗೆ ಕಳಿಸಿದ್ದರು. ರದ್ದಿ ಲಾರಿಗೆ ರಿಬ್ಬನ್ ಕಟ್ಟಿದ್ದನ್ನು ನನ್ನ ಜನ್ಮದಲ್ಲಿ ಅದೊಂದೇ ಸಲ ಕಂಡಿದ್ದು. ಆ ಯೋಜನೆಯ ಹೊಣೆ ಹೊತ್ತಿದ್ದವನು ಇದೇ ಅಳಿಯ.

ಕ್ಯಾಪ್ಟನ್ನಿನ ಟ್ಯಾಬ್ಲೆಟ್ ಬೆಂಕಿಯಲ್ಲಿ ಅರ್ಧ ಬೆಂದಿದ್ದರೂ ಅದರ ನೆನಪು ಉಳಿದಿತ್ತು. ಗುಡ್ಡ ಸಿಗುವ ಕೆಲವು ನಿಮಿಷ ಮೊದಲು ಯಾರೋ ಪರದೆ ಮೇಲೆ ಬೆರಳಿಟ್ಟು, ಗುಡ್ಡಗಳ ಎತ್ತರ ತೋರಿಸುವುದನ್ನು ಬಂದ್ ಮಾಡಿದ್ದರು. ಒಂದೇ ಒಂದು ಒತ್ತು. ಅಲ್ಲಿಂದಾಚೆ ಆ ಪರದೆಯಲ್ಲಿ ಗುಡ್ಡವೇ ಇರಲಿಲ್ಲ, ಬರೀ ಹಸಿರು ಬಯಲು.

ವಿಚಾರಣಾ ಮಂಡಳಿಗೆ ಇಷ್ಟೇ ಸಾಕಾಯಿತು. ಮುದುಕನಿಗೆ ಯಂತ್ರ ಬರುತ್ತಿರಲಿಲ್ಲ, ಏನೋ ಒತ್ತಲು ಹೋಗಿ ಏನೋ ಒತ್ತಿ ತಾನೂ ಸತ್ತು ನಾಲ್ವರನ್ನೂ ಕೊಂದ, ಯಂತ್ರದ್ದು ತಪ್ಪಿಲ್ಲ. ಎಲ್ಲರಿಗೂ ಅನುಕೂಲವಾದ ತೀರ್ಪು. ಮಾತು ಹಿಡಿದಿಡುವ ಪೆಟ್ಟಿಗೆ ಕರಗಿಹೋಗಿತ್ತು, ಕ್ಯಾಪ್ಟನ್ ಎದ್ದು ಬಂದು ಅಲ್ಲ ಎನ್ನುವ ಹಾಗಿರಲಿಲ್ಲ.

ಆದರೆ ಅವರಲ್ಲಿ ಒಬ್ಬರೂ ಕೈಗವಸಿನ ಕಡೆ ನೋಡಿರಲಿಲ್ಲ.

ಬೆಂಕಿ ತಡೆಯುವ ಆ ದಪ್ಪ ಬಟ್ಟೆ ತೊಟ್ಟ ಬೆರಳನ್ನು ಟ್ಯಾಬ್ಲೆಟ್ಟಿನ ಗಾಜು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟು ಒತ್ತಿದರೂ ಕಲ್ಲು ಒತ್ತಿದ ಹಾಗೆ. ಅದಕ್ಕೆ ನಮ್ಮ ಪೈಲಟ್‌ಗಳು ತಾವೇ ಒಂದು ದಾರಿ ಹುಡುಕಿದರು: ಕತ್ತರಿ ತಗೊಂಡು ಕೈಗವಸಿನ ತೋರುಬೆರಳಿನ ತುದಿ ಕತ್ತರಿಸುವುದು. ಎಡಗಡೆ ಕೂರುವವರು ಬಲಗೈಯದು, ಬಲಗಡೆ ಕೂರುವವರು ಎಡಗೈಯದು. ನಿಯಮಕ್ಕೆ ವಿರುದ್ಧ, ಆದರೂ ಎಲ್ಲರೂ ಮಾಡುತ್ತಾರೆ, ಮೇಲಿನವರು ಕಂಡೂ ಕಾಣದ ಹಾಗೆ ಇರುತ್ತಾರೆ.

ನನ್ನ ಚೀಲದಲ್ಲಿದ್ದ ಕೈಗವಸಿನ ಐದೂ ಬೆರಳು ಇಡಿಯಾಗಿದ್ದವು.

ಮೆಟ್ಟಿಲು ಇಳಿಯುವಾಗ ಕಮಾಂಡರ್ ಸಾಹೇಬರ ಫೋನು ಬಂತು.

"ಏನ್ರೀ, ಇನ್ನೂ ಹೆಣಗಳ ಹತ್ರಾನೇ ಇದೀರಾ? ಸಂಜೆ ಮಂಡಳಿ ವರದಿಗೆ ನಿಮ್ಮ ಸಹಿ ಆಗ್ಬೇಕು."

"ಸ್ವಲ್ಪ ಅನುಮಾನ ಇದೆ ಸರ್."

"ನಿಮಗೆ ಅನುಮಾನ ಇಲ್ಲದಿದ್ದ ದಿನ ಯಾವುದು? ನೋಡಿ, ಬದುಕಿರೋ ಹುಡುಗನಿಗೆ ಮುಂದೆ ಬಡ್ತಿ ಇದೆ, ಸಂಸಾರ ಇದೆ. ಸತ್ತವನಿಗೆ ಇನ್ನೇನು ಬೇಕು? ನಾನೇ ಆಸ್ಪತ್ರೆಗೆ ಬರ್ತೀನಿ, ಅಲ್ಲೇ ಮುಗಿಸಿಬಿಡೋಣ."

ಸತ್ತವನಿಗೆ ಏನು ಬೇಕೋ ನನಗೆ ಗೊತ್ತಿಲ್ಲ. ಅವನ ಮಗಳಿಗೆ ಏನು ಬೇಕೆಂದು ಗೊತ್ತಿತ್ತು.

ಅವಳು ಪೇಟೆಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಕಣ್ಣು ಪರೀಕ್ಷಿಸಿ ಗಾಜಿನ ನಂಬರು ಹೇಳುವ ಕೆಲಸ. ಅಪಘಾತವಾದ ಮೇಲೆ ಸತ್ತ ಸೈನಿಕರಲ್ಲಿ ಒಬ್ಬನ ತಾಯಿ ಆ ಅಂಗಡಿಗೇ ಬಂದು, ಗಿರಾಕಿಗಳ ಮುಂದೆ ಇವಳ ಮುಖಕ್ಕೆ ಉಗಿದು ಹೋಗಿದ್ದಳು. "ನಿನ್ನಪ್ಪ ನನ್ನ ಮಗನ್ನ ತಿಂದ" ಎಂದಿದ್ದಳಂತೆ. ಇವಳು ಮುಖ ಒರೆಸಿಕೊಂಡು ನೇರ ನನ್ನ ಆಫೀಸಿಗೆ ಬಂದಿದ್ದಳು.

"ಅಪ್ಪ ಆ ನಾಲ್ವರನ್ನ ಕೊಂದವನಲ್ಲ ಅಂತ ಒಂದು ಸಾಲು ಬರೆದು ಕೊಡಿ ಮೇಡಂ. ಬೇರೇನೂ ಬೇಡ," ಎಂದಿದ್ದಳು.

ಆ ಒಂದು ಸಾಲಿಗೆ ಅವಳು ಏನು ತೆರಬೇಕಾಗಬಹುದು ಎಂದು ನಾನು ಹೇಳಲಿಲ್ಲ. ಕಾಕ್‌ಪಿಟ್ಟಿನಲ್ಲಿ ಇದ್ದದ್ದು ಇಬ್ಬರು, ಅವಳ ಅಪ್ಪ ಮತ್ತು ಅವಳ ಗಂಡ. ಒಬ್ಬನದಲ್ಲದ ಬೆರಳು ಇನ್ನೊಬ್ಬನದು.

ಸೇನಾ ಆಸ್ಪತ್ರೆಯ ಆ ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಹಸಿರು ಪರದೆ. ಅಳಿಯನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು. ಮಗಳು ಊಟದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ನಿಂತಳು.

"ಏನಾದ್ರೂ ಗೊತ್ತಾಯ್ತಾ ಮೇಡಂ?"

"ಗೊತ್ತಾಗುತ್ತೆ. ನೀನು ಆ ಪರದೆ ಹಿಂದೆ ಹೋಗಿ ಕೂತ್ಕೋ. ನಿನ್ನ ಗಂಡ ಬಂದ್ಮೇಲೆ ನಾನು ಮಾತಾಡ್ತೀನಿ. ಕೆಮ್ಮಬಾರದು, ಅಳಬಾರದು."

"ಯಾಕೆ? ಅವರೆಲ್ಲ ಹೇಳಿ ಆಗಿದೆಯಲ್ಲ?"

"ಮಂಡಳಿಗೆ ಹೇಳಿದಾರೆ. ನನಗಿನ್ನೂ ಹೇಳಿಲ್ಲ. ಅಪ್ಪನ ಹೆಸರು ಬೇಕು ಅಂದ್ಯಲ್ಲ, ಹೆಸರು ಬಿಟ್ಟಿ ಸಿಗಲ್ಲಮ್ಮ."

ಅವಳು ಡಬ್ಬಿ ಎತ್ತಿಕೊಂಡು ಪರದೆ ಹಿಂದೆ ಹೋದಳು. ನಾನು ಮಾಡುತ್ತಿದ್ದದ್ದು ಅನ್ಯಾಯ, ಗೊತ್ತಿದ್ದೇ ಮಾಡಿದೆ. ಗಂಡನಾದವನು ಹಾಸಿಗೆಯಿಂದ ಏಳಲಾರದೆ ಬಾಯಿ ಬಿಡುವುದನ್ನು ಹೆಂಡತಿ ಕಿವಿಯಾರೆ ಕೇಳಿದರೆ, ಆಮೇಲೆ ಅವನು ಮಾತು ಬದಲಾಯಿಸಲಾರ. ನನಗೆ ಸಾಕ್ಷಿ ಬೇಕಿತ್ತು. ಅವಳ ಸಂಸಾರ ನನ್ನ ಕೆಲಸವಾಗಿರಲಿಲ್ಲ.

ತಳ್ಳುಮಂಚದಲ್ಲಿ ಅಳಿಯನನ್ನು ತಂದು ಹಾಸಿಗೆಗೆ ಹಾಕಿದರು. ಸೊಂಟದಿಂದ ಹಿಮ್ಮಡಿವರೆಗೆ ಪ್ಲಾಸ್ಟರು. ಮುಖ ಮಾತ್ರ ನುಣ್ಣಗೆ ಬೋಳಿಸಿದ್ದ, ತಲೆ ಬಾಚಿದ್ದ. ಆಸ್ಪತ್ರೆಯಲ್ಲಿಯೂ ಪರೇಡಿಗೆ ತಯಾರಾದವನಂತಿದ್ದ.

"ಬನ್ನಿ ಮೇಡಂ. ಇವತ್ತು ಸಹಿ ಅಂತೆ?"

"ಹೌದು. ಅದಕ್ಕೆ ಮುಂಚೆ ಒಂದೆರಡು ಸಣ್ಣ ವಿಷಯ. ಮಾವನಿಗೆ ಮೂರು ಸಲ ಎಚ್ಚರಿಸಿದೆ ಅಂದಿದೀರಿ."

"'ಮಾವ, ಮುಂದೆ ಗುಡ್ಡ, ಮೇಲೆತ್ತಿ' ಅಂತ ಕೂಗಿದೆ. ಅವರು ಟ್ಯಾಬ್ ಜೊತೆ ಗುದ್ದಾಡ್ತಾ ಇದ್ರು. ಏನೇನೋ ಒತ್ತುತಾ ಇದ್ರು."

"ಹೊರಗೆ ಏನಾದ್ರೂ ಕಾಣ್ತಿತ್ತಾ?"

"ಮೋಡದೊಳಗಿದ್ವಿ. ಮೂಗಿನ ತುದಿ ಬಿಟ್ರೆ ಏನೂ ಕಾಣ್ತಿರಲಿಲ್ಲ."

"ಹಾಗಾದ್ರೆ ಗುಡ್ಡ ನಿಮಗೆ ಎಲ್ಲಿ ಕಾಣ್ತು?"

"ನನ್ನ ಟ್ಯಾಬ್‌ನಲ್ಲಿ."

ನಾನು ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡೆ.

"ನಿಮ್ಮ ಟ್ಯಾಬ್ ಆ ಹೊತ್ತಿಗೆ ಸತ್ತಿತ್ತು," ಎಂದೆ. "ಮೋಡಕ್ಕೆ ಇಳಿಯೋ ಮುಂಚೆ ಮೇಲೆ ಸುಡುಬಿಸಿಲು. ನಿಮ್ಮ ಕಡೆ ಗಾಜಿಂದ ನೇರ ತೊಡೆ ಮೇಲೆ ಬಿದ್ದಿದೆ. ಬಿಸಿಯಾಗಿ ತಾನಾಗೇ ಆರಿಹೋಗಿದೆ, ಮತ್ತೆ ಹೊತ್ತಿಲ್ಲ. ಅದರ ಹೊಟ್ಟೆ ಬಗೆದು ನೋಡಿಸಿದೀನಿ. ಸತ್ತ ಟ್ಯಾಬ್‌ನಲ್ಲಿ ಗುಡ್ಡ ನೋಡಿದ್ರಾ?"

ಅವನ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು. "ಸಮಯ ಸರಿಯಾಗಿ ನೆನಪಿಲ್ಲ. ತಲೆಗೆ ಪೆಟ್ಟು ಬಿದ್ದಿತ್ತು."

"ಬಿದ್ದಿತ್ತು, ಪಾಪ. ಇದು ನೆನಪಿದೆಯಾ?"

ಚೀಲದಿಂದ ಕೈಗವಸು ತೆಗೆದು ಅವನ ಪ್ಲಾಸ್ಟರಿನ ಮೇಲೆ ಇಟ್ಟೆ. ಅವನಿಗೆ ಕಾಲು ಹಿಂದೆ ಎಳೆದುಕೊಳ್ಳಲು ಆಗಲಿಲ್ಲ. ಸುಟ್ಟ ಬಟ್ಟೆಯ ವಾಸನೆ ಔಷಧಿಯ ವಾಸನೆಗೆ ಬೆರೆಯಿತು.

"ನಿಮ್ಮ ಮಾವನದು. ಅವರ ಹಲ್ಲಿಂದ ಬಿಡಿಸಿದ್ದು. ಬೆರಳು ನೋಡಿ, ಒಂದೂ ಕತ್ತರಿಸಿಲ್ಲ. ಎಲ್ರೂ ಕತ್ತರಿಸ್ಕೊಂಡ್ರೆ ಇವರು ಯಾಕೆ ಬಿಟ್ರು?"

"ಹಠ. 'ಬೆಂಕಿ ಬಿದ್ದಾಗ ಒಂದು ಬೆರಳು ಮಾತ್ರ ಬಿಟ್ಟುಕೊಡು ಅಂತೀರಾ?' ಅಂತ ಗೇಲಿ ಮಾಡ್ತಿದ್ರು."

"ಹಾಗಾದ್ರೆ ಈ ಬೆರಳಿಂದ ಗಾಜಿನ ಮೇಲೆ ಏನೂ ಒತ್ತೋಕಾಗಲ್ಲ. ಏನೇನೋ ಒತ್ತುತಾ ಇದ್ರು ಅಂದ್ರಲ್ಲ, ಯಾವುದರಲ್ಲಿ? ಮೂಗಿನಲ್ಲಾ?"

ಅವನು ಹೊದಿಕೆಯ ಅಂಚನ್ನು ಮಡಿಸತೊಡಗಿದ.

"ಇದಕ್ಕೆ ಮುಂಚೆ ಅಷ್ಟೊಂದು ಪರೀಕ್ಷಾ ಹಾರಾಟ ಆಯ್ತು. ಕ್ಯಾಪ್ಟನ್‌ಗೆ ಟ್ಯಾಬ್ಲೆಟ್ ಚೆನ್ನಾಗಿ ಬರುತ್ತೆ ಅಂತ ನೀವೇ ಪಾಸು ಮಾಡಿದೀರಿ. ಗ್ಲೌಸ್ ಕತ್ತರಿಸದವರು ಪಾಸಾಗಿದ್ದು ಹೇಗೆ?"

"ನಾನು ಒತ್ತುತಾ ಇದ್ದೆ," ಎಂದ ಕಡೆಗೂ. ದನಿ ಸಣ್ಣದಾಗಿತ್ತು. "ಎರಡೂ ಟ್ಯಾಬ್ ನಾನೇ ನಡೆಸ್ತಿದ್ದೆ. 'ಅಳಿಯಂದ್ರೇ, ನಿಮ್ಮ ಬೆರಳು ಸ್ವಲ್ಪ ಈ ಕಡೆ ದಯಮಾಡಿಸ್ಲಿ' ಅಂತಿದ್ರು. ಎಲ್ಲರ ಎದುರಿಗೂ ಅದೇ ಮಾತು. ದಳದಲ್ಲಿ ನನಗೆ ಹೆಸರೇ ಬಿತ್ತು, ಬೆರಳು ಅಂತ. ಮೆಸ್ಸಿಗೆ ಹೋದ್ರೆ, 'ಮಾವನ ಬೆರಳು ಬಂತು, ಜಾಗ ಬಿಡ್ರೋ' ಅನ್ನೋರು. ನಾನು ತಂದ ಯೋಜನೆ ಮೇಡಂ ಇದು. ಇದಕ್ಕೆ ಎಷ್ಟು ವರ್ಷ ಸುರಿದಿದೀನಿ ಗೊತ್ತಾ?"

"ಗೊತ್ತಿಲ್ಲ, ಬೇಕಾಗೂ ಇಲ್ಲ. ಅವತ್ತು ಏನಾಯ್ತು?"

"ಹೇಳಿದೆನಲ್ಲ..."

"ನೀನು ಹೇಳಿದ್ದು ಹೆಣದ ತಲೆಗೆ ಕಟ್ಟಿದ ಕತೆ. ನನಗೆ ಬೇರೇದು ಬೇಕು."

'ನೀವು' ಹೋಗಿ 'ನೀನು' ಬಂದದ್ದು ಅವನಿಗೆ ನಾಟಿತು. ಅಧಿಕಾರಿಗಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ ಎಂದು ನಾನು ಬಲ್ಲೆ. ಅವನು ಚಾವಣಿ ನೋಡುತ್ತಾ ಮಲಗಿದ. ಪರದೆ ಹಿಂದೆ ಉಸಿರು ಕೂಡ ಕೇಳುತ್ತಿರಲಿಲ್ಲ.

"ಒಂದೇ ಒಂದು ಸಲ," ಎಂದ. "ಒಂದೇ ಒಂದು ಸಲ ತಾನಾಗಿ ಗ್ಲೌಸ್ ಬಿಚ್ಚಲಿ ಅಂತ. 'ನನಗೆ ಕಾಣ್ತಿಲ್ಲ, ನನ್ನಿಂದಾಗಲ್ಲ' ಅಂತ ಬಾಯಿಬಿಟ್ಟು ಹೇಳ್ಲಿ ಅಂತ. ಅವರು ಆ ಕಡೆ ಕಿಟಕಿಯಿಂದ ಎಂಜಿನ್ ನೋಡ್ತಿದ್ರು. ಕೈ ಚಾಚಿ ಅವರ ತೊಡೆ ಮೇಲಿದ್ದ ಟ್ಯಾಬ್‌ನಲ್ಲಿ ಎತ್ತರ ತೋರಿಸೋದನ್ನ ಬಂದ್ ಮಾಡಿದೆ. ನನ್ನದರಲ್ಲಿ ಎಲ್ಲ ಕಾಣ್ತಿತ್ತು. ನಾನು ನೋಡ್ಕೊಳ್ತೀನಿ, ಅವರು ಕೇಳಿದ ತಕ್ಷಣ ಹೇಳ್ತೀನಿ ಅಂದ್ಕೊಂಡೆ."

"ಆಮೇಲೆ ನಿನ್ನದು ಆರಿಹೋಯ್ತು."

"ಆರಿಹೋಯ್ತು. ಅಷ್ಟರಲ್ಲಿ ಮೋಡಕ್ಕೆ ಇಳಿದಿದ್ವಿ."

"ಆಗ ಹೇಳಬಹುದಿತ್ತು."

"ಏನಂತ ಹೇಳ್ಲಿ? ನಿಮ್ಮದು ನಾನು ಕೆಡಿಸಿದೀನಿ, ನನ್ನದೂ ಸತ್ತಿದೆ, ಇಬ್ಬರೂ ಕುರುಡರಾಗಿದೀವಿ ಮೇಲೆತ್ತಿ, ಅಂತಾನಾ?"

"ಹೌದು. ಹಾಗೇ. ಅಷ್ಟೇ ಸಾಕಿತ್ತು."

"ನಾಲಿಗೆ ತುದೀಲೇ ಇತ್ತು ಮೇಡಂ. ಅವರಿಗೆ ಆ ಕಣಿವೆ ಗೊತ್ತು, ತಿರುಗಿಸ್ತಾರೆ, ಈಗ ತಿರುಗಿಸ್ತಾರೆ ಅಂತ ಕಾದೆ. ಹೇಳಿದ್ರೆ ಇಳಿದ್ಮೇಲೆ ಇಡೀ ದಳದ ಮುಂದೆ ಮಾನ ಹರಾಜು ಹಾಕ್ತಾರೆ ಅಂತ..."

"ಹಿಂದೆ ನಾಲ್ಕು ಹುಡುಗರು ಕೂತಿದ್ರು. ಅವರ ನೆನಪಿತ್ತಾ?"

ಅವನು ಕಣ್ಣು ಮುಚ್ಚಿಕೊಂಡ. 

ನನಗೆ ಮೈಯೆಲ್ಲ ಉರಿಯಿತು. ಮಾವ ಅಳಿಯನ ಜಟಾಪಟಿ ಎಲ್ಲ ಮನೆಗಳಲ್ಲೂ ಇರುತ್ತದೆ. ಮೂತಿ ತಿರುಗಿಸುತ್ತಾರೆ, ಮಾತು ಬಿಡುತ್ತಾರೆ, ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ. ಇವರು ಅದನ್ನು ಮೋಡದೊಳಕ್ಕೆ ಹೊತ್ತುಕೊಂಡು ಹೋಗಿ, ಸಂಬಂಧವೇ ಇಲ್ಲದ ನಾಲ್ವರನ್ನು ಬಲಿ ಕೊಟ್ಟಿದ್ದರು. ಕಪಾಳಕ್ಕೆ ಬಾರಿಸಬೇಕು ಎನಿಸಿತು. ಬದಲಿಗೆ ಪ್ಲಾಸ್ಟರಿನ ಮೇಲೆ ಗೆಣ್ಣಿನಿಂದ ಕುಟ್ಟಿದೆ, ಮೂಳೆ ಮುರಿದ ಜಾಗದಲ್ಲೇ, ಸ್ವಲ್ಪ ಜೋರಾಗಿಯೇ. ಅವನ ಹಣೆ ಬೆವರಿತು. ನನಗೆ ಸ್ವಲ್ಪ ಹಗುರವಾಯಿತು.

"ಕೊನೇದು ಹೇಳು."

"ಕೊನೆಗೆ ಗ್ಲೌಸ್ ಬಾಯಿಗಿಟ್ಟು ಎಳೆದ್ರು. ಅದಕ್ಕೆ ಮುಂಚೆ ನನ್ನ ಕಡೆ ತಿರುಗಿ ನಕ್ಕರು. ಯಾಕೆ ನಕ್ಕರೋ ನನಗಿನ್ನೂ ಗೊತ್ತಾಗಿಲ್ಲ. ದಿನಾ ಅದೇ ಕಣ್ಣ ಮುಂದೆ ಬರುತ್ತೆ."

"ಈ ಆಲೋಚನೆ ನಿನ್ನ ತಲೇಲೇ ಹುಟ್ಟಿದ್ದಾ?"

"ನಂದೇ," ಎಂದ ಥಟ್ಟನೆ. "ಪೂರ್ತಿ ನಂದೇ. ಯಾರಿಗೂ ಗೊತ್ತಿರಲಿಲ್ಲ."

ಅಷ್ಟು ಹೊತ್ತು ಒಂದೊಂದು ಮಾತನ್ನೂ ಎಳೆದು ತೆಗೆಯಬೇಕಾಗಿದ್ದವನು ಇದೊಂದಕ್ಕೆ ಕೇಳುವ ಮೊದಲೇ ಉತ್ತರ ಇಟ್ಟುಕೊಂಡಿದ್ದ. ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಪರದೆ ಸರಿಯಿತು.

"ಯಾಕ್ರೀ ಸುಳ್ಳು ಹೇಳ್ತೀರಿ?" ಎಂದಳು ಮಗಳು.

ಅವನು ಪರದೆ ಕಡೆ ತಲೆ ತಿರುಗಿಸಿದ. "ನೀನು... ನೀನು ಯಾವಾಗ ಬಂದೆ?"

"ನನ್ನ ಹತ್ರ ಏನು ಹೇಳಿದ್ರಿ? ಒತ್ತಲೇ ಇಲ್ಲ, ಧೈರ್ಯ ಬರಲಿಲ್ಲ, ಅಪ್ಪನೇ ಏನೋ ಮಾಡ್ಕೊಂಡ ಅಂದ್ರಿ. ನನ್ನ ಮುಂದೆ ಅತ್ತು ಹೇಳಿದ್ರಿ. ನಾನು ನಂಬಿದೆ. ಹಾಗಾದ್ರೆ ಯಂತ್ರ ಕೆಟ್ಟಿರಬೇಕು, ಅಪ್ಪನ ತಪ್ಪಿರಲ್ಲ ಅಂತ ಇವರ ಬಾಗಿಲು ತಟ್ಟಿದೆ."

"ನೀನು ಸುಮ್ನಿರು. ಮೇಡಂ, ಇವಳಿಗೆ ಏನೂ ಗೊತ್ತಿಲ್ಲ, ಕಳಿಸಿ ಇವಳನ್ನ."

"ನನಗೆ ಗೊತ್ತಿಲ್ವಾ? ಹೇಳಿಕೊಟ್ಟಿದ್ದೇ ನಾನಲ್ವಾ?"

ನಾನು ಕಕ್ಕಾಬಿಕ್ಕಿಯಾದೆ. ಬರೀ ಸಾಕ್ಷಿಗೆಂದು ಅವಳನ್ನು ಅಲ್ಲಿ ಕೂರಿಸಿದ್ದೆ. ಅವಳಿಂದ ನನಗೆ ಗೊತ್ತಿಲ್ಲದ್ದು ಹೊರಬೀಳುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳು ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅಪ್ಪನ ಕಣ್ಣು ಹೋಗ್ತಿತ್ತು ಮೇಡಂ. ಕನ್ನಡಕ ಹಾಕಿದ್ರೂ ಹತ್ತಿರದ್ದು ಏನೂ ಓದೋಕಾಗ್ತಿರಲಿಲ್ಲ. ಮನೇಲಿ ನಾನೇ ಪರೀಕ್ಷೆ ಮಾಡಿದ್ದೆ. ಹಳೇ ನಕ್ಷೆ ಎಲ್ಲ ನೆನಪಲ್ಲಿತ್ತು, ಅದಕ್ಕೆ ನಡೀತಿತ್ತು. ನೆಲೆಯ ಡಾಕ್ಟ್ರಿಗೆ ಹೇಳಿದ್ರೆ ಮಗಳೇ ನನ್ನ ನೆಲಕ್ಕೆ ಕೆಡವಿದಳು ಅಂತ ಸಾಯೋವರೆಗೂ ಮಾತಾಡ್ತಿರಲಿಲ್ಲ. ಅದಕ್ಕೆ ಇವರಿಗೆ ಹೇಳಿದೆ. ಒಂದ್ಸಲ ಹೆದರಿಸಿಬಿಡಿ, ತಾನಾಗೇ ಹಾರೋದು ಬಿಡ್ತಾನೆ ಅಂತ."

"ನಿನ್ನ ಹೆಸರು ಬರಬಾರದು ಅಂತ ತಾನೇ ನಾನು ಎಲ್ಲಾ ಮುಚ್ಚಿಟ್ಟಿದ್ದು!" ಅವನು ಎದ್ದು ಕೂರಲು ಹೋಗಿ ನೋವಿಗೆ ಹಿಂದಕ್ಕೆ ಬಿದ್ದ. "ಇಷ್ಟು ದಿನ ಯಾರಿಗೋಸ್ಕರ ಸುಳ್ಳು ಹೇಳಿದೆ ನಾನು?"

"ಇನ್ನೂ ಇದೆ," ಎಂದಳು. ಊಟದ ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು, ಅದನ್ನು ಕಿಟಕಿ ಮೇಲೆ ಇಟ್ಟಳು. "ಅವತ್ತು ಬೆಳಿಗ್ಗೆ ನನಗೆ ತಡೀಲಿಲ್ಲ. ಅಪ್ಪ ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಳ್ತಿದ್ದ. ಎಲ್ಲಾ ಹೇಳಿಬಿಟ್ಟೆ. ಇವರು ಏನು ಮಾಡ್ತಾರೆ, ಯಾಕೆ ಮಾಡ್ತಾರೆ, ಎಲ್ಲಾ."

"ಮಾವನಿಗೆ ಗೊತ್ತಿತ್ತಾ?" ಎಂದ ಅಳಿಯ.

"ಗೊತ್ತಿತ್ತು. ನಕ್ಕ. ನನ್ನ ತಲೆ ತಟ್ಟಿದ. 'ಆ ಕಣಿವೆ ನನಗೆ ಬಾಯಿಪಾಠ ಕಣೇ. ನಿನ್ನ ಗಂಡ ಎಷ್ಟು ಹೊತ್ತು ತಡೀತಾನೆ ನೋಡ್ತೀನಿ. ನಾನಂತೂ ಕೇಳಲ್ಲ. ಅವನೇ ಬೆವತು ಬಾಯಿ ಬಿಡ್ಲಿ,' ಅಂದ."

ಆ ನಗು ಎಲ್ಲಿಂದ ಬಂದಿತ್ತು ಎಂದು ಈಗ ನನಗೆ ಗೊತ್ತಾಯಿತು. ಮಾವ ಕೇಳಲಿ ಎಂದು ಅಳಿಯ ಕಾದ, ಅಳಿಯನೇ ಹೇಳಲಿ ಎಂದು ಮಾವ ಕಾದ. ಮುದುಕನ ಬಾಯಿಪಾಠ ಎಲ್ಲೋ ಒಂದು ಕಡೆ ತಪ್ಪಿತು. ಕಡೆಗೆ ಅವನೇ ಸೋತು ಕೈಗವಸಿಗೆ ಬಾಯಿ ಹಾಕಿದ, ಆಗ ಹೊತ್ತು ಮೀರಿತ್ತು. ಕುತ್ತಿಗೆ ಮುರಿದು ಸತ್ತ ಆ ಮನುಷ್ಯನ ಬಗ್ಗೆ ಬೆಳಿಗ್ಗೆಯಿಂದ ನನಗೆ ಮರುಕವಿತ್ತು. ಆ ಮರುಕ ಅಲ್ಲಿಗೆ ಮುಗಿಯಿತು.

ಅಳಿಯ ಮೊದಲು ಬಿಕ್ಕಿದ, ಆಮೇಲೆ ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಹಾಗೆ ಅಲುಗಾಡಿದ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಹೆಂಡತಿಯ ಕೈ ಹಿಡಿದ.

"ಇದನ್ನ ಮಂಡಳಿ ಮುಂದೆ ಹೇಳು. ಅವರಿಗೆ ಗೊತ್ತಿತ್ತು ಅಂದ್ರೆ ನಾನೊಬ್ಬನೇ ಕೊಲೆಗಾರ ಆಗಲ್ಲ. ಕೆಲಸ ಹೋಗುತ್ತೆ, ಹೋಗ್ಲಿ. ಜೈಲಲ್ಲಿ ಕೊಳೆಯೋದು ತಪ್ಪುತ್ತೆ. ಹೇಳ್ತೀಯಲ್ಲ?"

ಅವಳು ತನ್ನ ಕೈ ಹಿಡಿದಿದ್ದ ಅವನ ಬೆರಳುಗಳನ್ನು ನೋಡುತ್ತಿದ್ದಳು.

"ಹೇಳ್ತೀಯಲ್ಲೇ?"

ಅವಳು ಕೈ ಬಿಡಿಸಿಕೊಂಡಳು. ಮೆಲ್ಲಗೆ, ಒಂದೊಂದೇ ಬೆರಳಾಗಿ.

ಬಾಗಿಲು ತಟ್ಟದೆಯೇ ಕಮಾಂಡರ್ ಸಾಹೇಬರು ಒಳಗೆ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಟೋಪಿ. ಮೂವರನ್ನೂ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು, ಕುಟುಂಬದ ಸಭೆ ನಡೀತಿದೆಯಾ? ನಿಮ್ಮ ಅನುಮಾನ ಮುಗೀತಾ? ಏನಾದ್ರೂ ಸಿಕ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಸಿಕ್ತು ಸರ್. ಅಪ್ಪನ ಟ್ಯಾಬ್ ಕೆಡಿಸಿದ್ದು ಇವರೇ. ದಳದಲ್ಲಿ ಮರ್ಯಾದೆ ಹೋಯ್ತು ಅನ್ನೋ ಸಿಟ್ಟಿಗೆ ಮಾಡಿದ್ರಂತೆ. ಈಗ ತಾನೇ ಒಪ್ಕೊಂಡ್ರು, ಮೇಡಂ ಕೇಳಿದಾರೆ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ."

"ಏಯ್!" ಎಂದು ಅವನು ಕಿರುಚಿದ.

ಕಮಾಂಡರ್ ಸಾಹೇಬರು ಟೋಪಿಯನ್ನು ಮಂಚದ ಮೇಲಿಟ್ಟು, ನನ್ನ ಕಡೆ ತಿರುಗಿದರು. "ಹೌದಾ?"

"ಮೇಡಂ," ಎಂದ ಅವನು, "ನೀವೂ ಕೇಳಿಸ್ಕೊಂಡ್ರಲ್ಲ? ಬೆಳಿಗ್ಗೆ ಬಾಗಿಲ ಹತ್ರ ಮಾವ ಹೇಳಿದ್ದು... ಹೇಳಿ ಮೇಡಂ."

ಅವಳು ಮಂಚದ ಕಾಲ ಬಳಿ ನಿಂತು, ತಾನು ಕೇಳಿದ್ದ ಆ ಒಂದು ಸಾಲಿಗಾಗಿ, ಅವರಿಬ್ಬರ ಜೊತೆ ನನ್ನ ಬಾಯನ್ನೇ ನೋಡತೊಡಗಿದಳು.